ನಿಂತ ಚಿತ್ರ ಹಾರಿದ್ದು ಹೇಗೆ?

ಮಕ್ಕಳೇ, ಟಿವಿಯಲ್ಲಿ ಕಾರ್ಟೂನ್ ನೋಡುವುದೆಂದರೆ ನಿಮಗೆ ಇಷ್ಟ ಅಲ್ಲವೆ? ಅದರಲ್ಲಿ ಓಡುವ, ಹಾರುವ ಗೊಂಬೆಗಳು ನಿಜವಾಗಿ ಅಲುಗಾಡುವುದೇ ಇಲ್ಲ ಎಂದರೆ ನಂಬುತ್ತೀರಾ? ಅವೆಲ್ಲ ನಿಂತ ಚಿತ್ರಗಳು. ಸ್ವಲ್ಪ ಸ್ವಲ್ಪವೇ ಬೇರೆಯಾದ ಚಿತ್ರಗಳು ಬೇಗಬೇಗನೆ ಕಣ್ಣೆದುರು ಬಂದಾಗ ನಮ್ಮ ಮಿದುಳು ಅವನ್ನು ಬಿಡಿಬಿಡಿಯಾಗಿ ನೋಡದೆ ಒಂದೇ ಚಲನೆಯಾಗಿ ಕಾಣುತ್ತದೆ.

ಜಪಾನಿನಲ್ಲಿ ಚಿತ್ರಕಥೆಗೆ 'ಮಾಂಗಾ' ಎನ್ನುತ್ತಾರೆ. ಚಲಿಸುವ ಚಿತ್ರಕಥೆಗೆ 'ಆನಿಮೆ' ಎಂದು ಹೆಸರು. ಒಂದು ಮಾಂಗಾ ಆನಿಮೆಯಾದ ಕಥೆ ಕೇಳಿ.

ಪುಸ್ತಕದಿಂದ ಟಿವಿಗೆ

ಒಸಾಮು ತೆಜುಕಾ ವೈದ್ಯಶಾಸ್ತ್ರ ಓದಿದವರು. ಆದರೆ ಅವರು ಹಿಡಿದದ್ದು ಚಿತ್ರ ಬರೆಯುವ ಕುಂಚವನ್ನು. 1952ರಲ್ಲಿ ಅವರು ಮಕ್ಕಳ ಮಾಸಪತ್ರಿಕೆಯೊಂದರಲ್ಲಿ 'ತೆತ್ಸುವಾನ್ ಆಟಮು' ಎಂಬ ಮಾಂಗಾ ಆರಂಭಿಸಿದರು. ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ವಿಜ್ಞಾನಿಯೊಬ್ಬ ಆ ಮಗನಂತೆಯೇ ಕಾಣುವ ರೋಬಾಟ್ ತಯಾರಿಸುತ್ತಾನೆ. ಆ ರೋಬಾಟ್ ಹುಡುಗನೇ ಕಥಾನಾಯಕ. ಕಥೆಯಲ್ಲಿ ಅವನು ಹುಟ್ಟಿದ ದಿನ 2003ರ ಏಪ್ರಿಲ್ 7!

ಇದನ್ನು ಟಿವಿಗೆ ತಂದದ್ದು ತೆಜುಕಾ ಕಟ್ಟಿದ 'ಮುಷಿ ಪ್ರೊಡಕ್ಷನ್' ಎಂಬ ಸ್ವಂತ ಸಂಸ್ಥೆ. ವಾರಕ್ಕೊಂದು ಅರ್ಧ ಗಂಟೆಯ ಕಂತು ಕೊಡಬೇಕಿತ್ತು. ಇಲ್ಲೇ ಎದುರಾಯಿತು ದೊಡ್ಡ ತೊಡಕು.

ಲೆಕ್ಕ ಹಾಕೋಣ

ಫಿಲಂನಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಕಂತಿನಲ್ಲಿ 25 ನಿಮಿಷದ ಚಿತ್ರವಿದ್ದರೆ ಅದು 1,500 ಸೆಕೆಂಡು. ಅಂದರೆ 24 × 1,500 = 36,000 ಚೌಕಟ್ಟುಗಳು. ಒಂದೊಂದಕ್ಕೂ ಹೊಸ ಚಿತ್ರ ಬರೆಯಲು ಒಂದು ವಾರ ಸಾಕೆ? ಹಣವಾದರೂ ಎಲ್ಲಿಂದ?

ಅದಕ್ಕೆ ಅವರು ಉಪಾಯಗಳನ್ನು ಹೂಡಿದರು. ಒಂದೇ ಚಿತ್ರವನ್ನು ಮೂರು ಚೌಕಟ್ಟುಗಳಲ್ಲಿ ತೋರಿಸಿದರು. 36,000 ಇದ್ದದ್ದು 12,000ಕ್ಕೆ ಇಳಿಯಿತು! ಚಿತ್ರಗಳನ್ನು 'ಸೆಲ್' ಎಂಬ ಪಾರದರ್ಶಕ ಹಾಳೆಗಳ ಮೇಲೆ ಬರೆಯುತ್ತಿದ್ದರು. ಹೀಗಾಗಿ ಮಾತಾಡುವಾಗ ಮುಖವನ್ನು ಹಾಗೆಯೇ ಇಟ್ಟು, ಬಾಯಿಯ ಹಾಳೆಯನ್ನು ಮಾತ್ರ ಬದಲಿಸಿದರೆ ಸಾಕಾಗುತ್ತಿತ್ತು. ಕೆಲವೆಡೆ ನಿಂತ ಚಿತ್ರದ ಮೇಲೆ ಕ್ಯಾಮೆರಾವನ್ನೇ ಸರಿಸಿದರು. ನಾಯಕ ಹಾರುವಂತಹ ಚಿತ್ರಗಳನ್ನು ಜೋಪಾನವಾಗಿ ಎತ್ತಿಟ್ಟು ಬೇರೆ ಕಂತುಗಳಲ್ಲೂ ಬಳಸಿದರು. ಹಣವನ್ನು ಬ್ಯಾಂಕಿನಲ್ಲಿ ಇಟ್ಟು ಬೇಕಾದಾಗ ತೆಗೆಯುವ ಹಾಗೆ! ಅದಕ್ಕೇ ಈ ಪದ್ಧತಿಗೆ 'ಬ್ಯಾಂಕ್' ಎಂದೇ ಹೆಸರಾಯಿತು.

ಕೊನೆಗೆ ಚಿತ್ರಕ್ಕೆ ಹೊಂದುವಂತೆ ಮಾತು, ಸಂಗೀತ, ಸದ್ದು ಸೇರಿದವು. 1963ರ ಜನವರಿ 1ರಂದು ಫ್ಯೂಜಿ ಟಿವಿಯಲ್ಲಿ ಮೊದಲ ಕಂತು ಕಪ್ಪು-ಬಿಳುಪಿನಲ್ಲಿ ಪ್ರಸಾರವಾಯಿತು. ಅದೇ ವರ್ಷ 'ಆಸ್ಟ್ರೋ ಬಾಯ್' ಎಂಬ ಹೆಸರಿನಲ್ಲಿ ಅಮೆರಿಕಕ್ಕೂ ಹೋಯಿತು. 1966ರ ಡಿಸೆಂಬರ್ 31ರವರೆಗೆ ಒಟ್ಟು 193 ಕಂತುಗಳು ಬಂದವು.

ಗೆಲುವಿನ ಬೆಲೆ

ಆದರೆ ತೆಜುಕಾ ಕಂತುಗಳನ್ನು ಖರ್ಚಿಗಿಂತ ಕಡಿಮೆ ಬೆಲೆಗೆ ಮಾರಿದ್ದರು. ಕೊರತೆಯನ್ನು ಬೇರೆ ಕಡೆಯಿಂದ ತುಂಬಿಸಬೇಕಾಗುತ್ತಿತ್ತು. ಚಿತ್ರ ಬರೆಯುವವರು ಹಗಲಿರುಳು ದುಡಿದರು. 1973ರಲ್ಲಿ ಆ ಸಂಸ್ಥೆ ದಿವಾಳಿಯಾಯಿತು. ಆದರೂ ಅಲ್ಲಿ ಕಲಿತವರು ಮುಂದೆ ಎಷ್ಟೋ ಆನಿಮೆಗಳನ್ನು ಮಾಡಿದರು. ಇಂದು ಸೆಲ್ ಹಾಳೆಯ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ಮೂರು ಚೌಕಟ್ಟಿಗೆ ಒಂದು ಚಿತ್ರ ಎಂಬ ಉಪಾಯ ಮಾತ್ರ ಈಗಲೂ ಉಳಿದಿದೆ.

ಮಾಡಿ ನೋಡಿ

ಹಳೆಯ ನೋಟ್ ಪುಸ್ತಕದ 24 ಹಾಳೆಗಳ ಮೂಲೆಯಲ್ಲಿ ಒಂದೊಂದು ಚೆಂಡು ಬರೆಯಿರಿ. ಪ್ರತಿ ಹಾಳೆಯಲ್ಲೂ ಚೆಂಡು ತುಸು ಕೆಳಗಿರಲಿ. ಹೆಬ್ಬೆರಳಿನಿಂದ ಹಾಳೆಗಳನ್ನು ಸರಸರನೆ ಬಿಡಿ. ಚೆಂಡು ಬೀಳುತ್ತದೆ! ಇನ್ನೊಂದು ಪುಸ್ತಕದಲ್ಲಿ ಮೂರು ಮೂರು ಹಾಳೆಗಳಿಗೆ ಚೆಂಡನ್ನು ಒಂದೇ ಜಾಗದಲ್ಲಿ ಬರೆದು ನೋಡಿ. ಈಗಲೂ ಬೀಳುತ್ತದೆಯೆ? ಏನು ವ್ಯತ್ಯಾಸ ಕಂಡಿತು? ಗೆಳೆಯರಿಗೂ ತೋರಿಸಿ, ಕೇಳಿ.