ಈ ವೈರು ಬೇಗ ಗಟ್ಟಿಯಾಗಲ್ಲ ಮೇಡಂ

"ಈ ವೈರು ಮೊದಲಿನ ಥರ ಬೇಗ ಗಟ್ಟಿಯಾಗಲ್ಲ ಮೇಡಂ" ಅಂತ ನಮ್ಮ ಲೈನಿನ ಅಕ್ಕ ಎರಡು ಸಲ ಹೇಳಿದ್ದರು. ಎರಡು ಸಲವೂ ನಾನು "ಐರನ್ ತುದಿ ಕ್ಲೀನ್ ಮಾಡ್ಕೊಳ್ಳಿ ಅಕ್ಕ" ಅಂದು ಮುಂದಕ್ಕೆ ಹೋಗಿದ್ದೆ.

ನಾನು ಬೆಂಗಳೂರಿನ ಒಂದು ಸಣ್ಣ ಘಟಕದಲ್ಲಿ ಕ್ವಾಲಿಟಿ ಎಂಜಿನಿಯರ್. ತೋಟದ ಪಂಪ್‌ಸೆಟ್‌ಗಳಿಗೆ ಹಾಕುವ ಕಂಟ್ರೋಲರ್ ಬೋರ್ಡ್ ಮಾಡುತ್ತೇವೆ. ಆ ಅಕ್ಕ ಹನ್ನೊಂದು ವರ್ಷದಿಂದ ಅಲ್ಲಿ ಬೆಸುಗೆ ಹಾಕುತ್ತಿರುವವರು. ಕಳೆದ ಮಳೆಗಾಲ ಮುಗಿಯುತ್ತಿದ್ದಂತೆ ಬೋರ್ಡ್‌ಗಳು ವಾಪಸ್ ಬರತೊಡಗಿದವು. ಭೂತಗನ್ನಡಿ ಹಿಡಿದು ನೋಡಿದರೆ ಬೆಸುಗೆಯ ಗುಂಡುಗಳಿಗೆ ಹೊಳಪೇ ಇಲ್ಲ. ಬೂದಿ ಬಣ್ಣ, ಮರಳು ಮರಳು, ಕೆಲವು ಕಡೆ ಕೂದಲೆಳೆಯಂಥ ಬಿರುಕು. ಕರಗಿದ ಬೆಸುಗೆ ಗಟ್ಟಿಯಾಗುವ ಹೊತ್ತಿಗೆ ಕೈ ಅಲುಗಿದರೆ ಹೀಗಾಗುತ್ತದೆ ಅನ್ನೋದು ಈ ಕೆಲಸದಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ 'ಕಾರಣ' ಅನ್ನುವ ಕಾಲಂನಲ್ಲಿ 'ಆಪರೇಟರ್ ತಪ್ಪು' ಎಂದು ಬರೆದು ಸಹಿ ಹಾಕಿದೆ. ಬರೆಯೋಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಮೂರನೇ ದಿನ ಅಕ್ಕನಿಗೆ ನೋಟಿಸ್ ಹೋಯಿತು, ವಿಚಾರಣೆ ಮುಗಿಯೋವರೆಗೆ ಕೆಲಸಕ್ಕೆ ಬರಬೇಡಿ ಅಂದರು.

ಅದೇ ವಾರ ದೀಪಾವಳಿಗೆ ಊರಿಗೆ ಹೊರಟೆ. ನಮ್ಮೂರು ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿ. ಕೆಮ್ಮಣ್ಣುಗುಂಡಿಗೋ ಕಲ್ಲತ್ತಿಗಿರಿಗೋ ಹೋಗುವಾಗ ನಮ್ಮೂರನ್ನು ನೀವೂ ದಾಟಿರಬಹುದು. ರಾತ್ರಿ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. 'ಬೇಗ ಗಟ್ಟಿಯಾಗಲ್ಲ' ಅನ್ನೋ ಮಾತು ಕಿವಿಯಲ್ಲೇ ಕೂತಿತ್ತು. ಯಾಕೆ ಗಟ್ಟಿಯಾಗಲ್ಲ? ವೈರು ಅದೇ, ಬಿಸಿ ಅದೇ, ಕೈಯೂ ಅದೇ. ಬ್ಯಾಗಿನಲ್ಲಿ ಹಳೇ ಸಪ್ಲೈಯರ್‌ನ ರೀಲಿನಿಂದ ಒಂದಷ್ಟು, ಹೊಸ ರೀಲಿನಿಂದ ಒಂದಷ್ಟು ಸುತ್ತಿ ತಂದಿದ್ದೆ. ಯಾಕೆ ತಂದೆ ಅಂತ ಆಗ ನನಗೂ ಸ್ಪಷ್ಟವಿರಲಿಲ್ಲ. ಎರಡರ ಮೇಲೂ 63/37 ಎಂದೇ ಸ್ಟಿಕ್ಕರ್ ಇತ್ತು. ಅಂದರೆ ನೂರು ಗ್ರಾಂನಲ್ಲಿ 63 ಗ್ರಾಂ ತವರ, 37 ಗ್ರಾಂ ಸೀಸ.

ಮೆಕ್ಯಾನಿಕಲ್ ಓದಿದವರಿಗೆ ಫೇಸ್ ಡಯಾಗ್ರಾಂ ನೆನಪಿರುತ್ತೆ, ಅದರ ಭಯವೂ ನೆನಪಿರುತ್ತೆ. ನಾನು ಆ ಪೇಪರಿನಲ್ಲಿ ಚಿತ್ರವನ್ನು ಬಾಯಿಪಾಠ ಮಾಡಿ ಬರೆದು ಪಾಸಾದವಳು. ಗೆರೆಗಳು ಎಲ್ಲಿ ಸೇರುತ್ತವೆ ಎಂದು ಗೊತ್ತಿತ್ತು, ಆ ಗೆರೆಗಳು ಏನು ಹೇಳುತ್ತವೆ ಎಂದು ಗೊತ್ತಿರಲಿಲ್ಲ. ಬಸ್ಸಿನಲ್ಲಿ ಮೊಬೈಲಲ್ಲಿ ತವರ–ಸೀಸದ ಚಿತ್ರ ತೆಗೆದು ನೋಡುತ್ತಾ ಕೂತೆ.

ಅದೊಂದು ನಕ್ಷೆ, ಅಷ್ಟೆ. ಕೆಳಗಿನ ಅಡ್ಡಗೆರೆಯ ಎಡತುದಿಯಲ್ಲಿ ಬರೀ ಸೀಸ, ಬಲತುದಿಯಲ್ಲಿ ಬರೀ ತವರ, ನಡುವೆ ಎಲ್ಲಾ ಪ್ರಮಾಣದ ಬೆರಕೆ. ಮೇಲಕ್ಕೆ ಹೋದಷ್ಟೂ ಬಿಸಿ ಜಾಸ್ತಿ. ನಿಮ್ಮ ಬೆರಕೆ ಎಷ್ಟು, ಬಿಸಿ ಎಷ್ಟು ಎಂದು ಹೇಳಿದರೆ ನಕ್ಷೆಯ ಮೇಲೆ ಒಂದು ಚುಕ್ಕಿ ಸಿಗುತ್ತೆ. ಆ ಚುಕ್ಕಿ ಯಾವ ಸೀಮೆಯೊಳಗೆ ಬಿತ್ತು ಅನ್ನೋದರ ಮೇಲೆ ಅದು ದ್ರವವೋ, ಗಟ್ಟಿಯೋ, ಎರಡೂ ಸೇರಿದ ಗಂಜಿಯೋ ಎಂದು ಗೊತ್ತಾಗುತ್ತೆ.

ಶುದ್ಧ ಸೀಸ ಕರಗೋದು 327 ಡಿಗ್ರಿ ಸೆಲ್ಸಿಯಸ್‌ಗೆ, ಶುದ್ಧ ತವರ 232ಕ್ಕೆ. ಎರಡನ್ನೂ ಬೆರೆಸಿದರೆ ಕರಗುವ ಬಿಸಿ ಇವೆರಡರ ನಡುವೆ ಎಲ್ಲೋ ಇರಬೇಕು ಅಂತ ಅನಿಸುತ್ತೆ ಅಲ್ವಾ? ಹಾಗಲ್ಲ. ಎರಡೂ ಕಡೆಯಿಂದ ಗೆರೆ ಇಳಿಯುತ್ತಾ ಬಂದು ಒಂದು ಕಣಿವೆಯಲ್ಲಿ ಸೇರುತ್ತವೆ. ತವರ ಶೇ 61.9 ಇರುವ ಜಾಗ, ಬಿಸಿ 183 ಡಿಗ್ರಿ. ಈ ಕಣಿವೆಗೆ ಯೂಟೆಕ್ಟಿಕ್ ಎಂದು ಹೆಸರು. ಅಲ್ಲಿನ ಬೆರಕೆ ಶುದ್ಧ ಲೋಹದ ಹಾಗೇ ನಡೆದುಕೊಳ್ಳುತ್ತೆ. 183ರವರೆಗೆ ಪೂರ್ತಿ ನೀರು, ಅದೇ ಬಿಸಿಯಲ್ಲಿ ಪೂರ್ತಿ ಕಲ್ಲು, ನಡುವೆ ಗಂಜಿಯ ಹಂತವೇ ಇಲ್ಲ. ಎಲೆಕ್ಟ್ರಾನಿಕ್ಸ್‌ನವರು 63/37 ಕೇಳೋದು ಇದಕ್ಕೇ.

ಕಣಿವೆಯಿಂದ ಆಚೀಚೆ ಸರಿದರೆ ಕಥೆ ಬೇರೆ. ಜಾತ್ರೆಯಲ್ಲಿ ಐಸ್‌ಕ್ಯಾಂಡಿ ಚೀಪಿದ್ದು ನೆನಪು ಮಾಡಿಕೊಳ್ಳಿ. ಜೋರಾಗಿ ಎಳೆದರೆ ಬಣ್ಣ, ಸಿಹಿ ಎಲ್ಲಾ ಬಾಯಿಗೆ ಬಂದು ಕಡ್ಡಿಯಲ್ಲಿ ಬಿಳಿ ಮಂಜು ಉಳಿಯುತ್ತೆ. ಶರಬತ್ತು ಹೆಪ್ಪುಗಟ್ಟುವಾಗ ಮೊದಲು ಗಟ್ಟಿಯಾಗೋದು ಬರೀ ನೀರು. ಸಕ್ಕರೆ ಉಳಿದ ದ್ರವದಲ್ಲಿ ಸೇರಿಕೊಳ್ಳುತ್ತಾ ಹೋಗುತ್ತೆ, ಆ ದ್ರವ ಇನ್ನಷ್ಟು ತಣ್ಣಗಾಗದೆ ಗಟ್ಟಿಯಾಗಲ್ಲ. ಲೋಹದಲ್ಲೂ ಹೀಗೇ. ತವರ–ಸೀಸ ಅರ್ಧರ್ಧ ಬೆರೆಸಿ ಕರಗಿಸಿ ತಣಿಯಲು ಬಿಟ್ಟರೆ, ಸುಮಾರು 215 ಡಿಗ್ರಿಯಲ್ಲೇ ಸೀಸ ಹೆಚ್ಚಿರುವ ಹರಳುಗಳು ಹುಟ್ಟಿಕೊಳ್ಳುತ್ತವೆ. ಉಳಿದ ದ್ರವದಲ್ಲಿ ತವರದ ಪಾಲು ಏರುತ್ತಾ, ಕೊನೆಗೆ ಅದೂ ಕಣಿವೆಗೇ ಬಂದು 183ರಲ್ಲಿ ಗಟ್ಟಿಯಾಗುತ್ತೆ. ನಡುವಿನ 30 ಡಿಗ್ರಿ ಪೂರ್ತಿ ಗಂಜಿ.

ಎಷ್ಟು ಗಂಜಿ? ಅದಕ್ಕೂ ಲೆಕ್ಕವಿದೆ, ತಕ್ಕಡಿಯ ಲೆಕ್ಕ. 183ಕ್ಕೆ ಸ್ವಲ್ಪ ಮೇಲೆ ಗಟ್ಟಿ ಹರಳಿನಲ್ಲಿ ತವರ ಶೇ 19, ದ್ರವದಲ್ಲಿ ಶೇ 62. ನಮ್ಮ ಬೆರಕೆ 50. ತಕ್ಕಡಿಯ ದಂಡ 19ರಿಂದ 62ರವರೆಗೆ, ಅಂದರೆ 43 ಉದ್ದ. ದ್ರವದ ತುದಿಗೆ ನಮ್ಮಿಂದ 12 ದೂರ. ಹನ್ನೆರಡನ್ನು 43ರಿಂದ ಭಾಗಿಸಿದರೆ ಗಟ್ಟಿಯ ಪಾಲು, ಹತ್ತಿರಹತ್ತಿರ ಶೇ 28. ಕಾಲು ಭಾಗಕ್ಕಿಂತ ಹೆಚ್ಚು ಕಲ್ಲು, ಉಳಿದದ್ದು ನೀರು. ಆ ಹೊತ್ತಿನಲ್ಲಿ ಬೋರ್ಡನ್ನು ಪಕ್ಕಕ್ಕೆ ಸರಿಸಿದರೆ ಹರಳುಗಳ ನಡುವೆ ಬಿರುಕು ಬಿಡದೆ ಇನ್ನೇನಾಗುತ್ತೆ?

ತರೀಕೆರೆ ಬರುವ ಹೊತ್ತಿಗೆ ನನ್ನ ಕೈಗಳು ತಣ್ಣಗಾಗಿದ್ದವು.

ಮನೆಯಲ್ಲಿ ಅಡಿಕೆ ಕೊಯ್ಲಿನ ಗಡಿಬಿಡಿ. ಹಿತ್ತಿಲಲ್ಲಿ ಅಡಿಕೆ ಬೇಯಿಸುವ ಒಲೆ ಉರೀತಿತ್ತು. ಅಲ್ಲಿಂದ ಒಂದಷ್ಟು ಕೆಂಡ ದೂರಕ್ಕೆ ಒಯ್ದು, ಮೂರು ಇಟ್ಟಿಗೆ ಇಟ್ಟು, ಹಳೇ ಕಬ್ಬಿಣದ ಸೌಟಿನಲ್ಲಿ ಮೊದಲ ವೈರು ಕರಗಿಸಿದೆ. ಮಲ್ಟಿಮೀಟರಿಗೆ ತಾಪಮಾನ ಅಳೆಯುವ ತಂತಿ ಸಿಕ್ಕಿಸಿ ಕರಗಿದ ಲೋಹದಲ್ಲಿ ಅದ್ದಿದೆ. (ನೀವು ಇದನ್ನು ಮಾಡಬೇಡಿ. ಸೀಸ ವಿಷ. ನಾನು ಗಾಳಿ ಬೀಸುವ ಕಡೆ ಬೆನ್ನು ಮಾಡಿ ಕೂತಿದ್ದೆ, ಮಕ್ಕಳನ್ನು ಹತ್ತಿರ ಬಿಡಲಿಲ್ಲ, ಆ ಸೌಟು ಮತ್ತೆ ಅಡುಗೆಮನೆ ಸೇರಲಿಲ್ಲ. ಅಮ್ಮ ಅದಕ್ಕೇ ಬೈದದ್ದು ಹೆಚ್ಚು.)

ಅಜ್ಜ ಕುರ್ಚಿ ಎಳೆದುಕೊಂಡು ಬಂದು ಕೂತರು. ಭದ್ರಾವತಿ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಮೂವತ್ತು ವರ್ಷ ನಿಂತವರು. ಕರಗಿದ ಲೋಹ ಎಲ್ಲೇ ಇರಲಿ, ಅವರಿಗೆ ನೋಡಲೇಬೇಕು.

ಸೌಟನ್ನು ಕೆಂಡದಿಂದ ಇಳಿಸಿ ಹತ್ತು ಸೆಕೆಂಡಿಗೊಮ್ಮೆ ಬಿಸಿ ಬರೆದುಕೊಂಡೆ. ಹಳೇ ವೈರು ಸರಸರ ಇಳಿದು 182ಕ್ಕೆ ಬಂದು ನಿಂತುಬಿಟ್ಟಿತು. ಬಹಳ ಹೊತ್ತು ಅಲ್ಲೇ ನಿಂತು, ಪೂರ್ತಿ ಗಟ್ಟಿಯಾದ ಮೇಲೆ ಮತ್ತೆ ಇಳಿಯಿತು. ನನ್ನ ಮೀಟರಿನ ಒಂದು ಡಿಗ್ರಿ ತಪ್ಪನ್ನು ಬಿಟ್ಟರೆ ಪುಸ್ತಕದಲ್ಲಿ ಇರೋ ಹಾಗೇ. ಹೊಸ ವೈರು 213ರ ಹತ್ತಿರ ಬಂದು ನಿಧಾನವಾಯಿತು. ಇಳೀತಾ ಇದೆ, ಆದರೆ ಕಾಲೆಳೆದುಕೊಂಡು. ಆಮೇಲೆ 182ರಲ್ಲಿ ನಿಂತಿತು. ಅಜ್ಜ ಒಂದು ಕಡ್ಡಿಯಲ್ಲಿ ಕೆದಕಿ ನೋಡಿ, "ಇದು ರಾಗಿ ಗಂಜಿ ಕಣೇ" ಅಂದರು.

ಆ 213ನ್ನು ನಕ್ಷೆಯ ಗೆರೆಯ ಮೇಲೆ ಹುಡುಕಿದರೆ ಕೆಳಗೆ ಸಿಗುವ ಸಂಖ್ಯೆ ಐವತ್ತರ ಆಸುಪಾಸು. ಸ್ಟಿಕ್ಕರ್ 63 ಅನ್ನುತ್ತಿತ್ತು. ತವರದ ಬೆಲೆ ಸೀಸದ ಹತ್ತು ಪಟ್ಟಿಗಿಂತ ಹೆಚ್ಚು. ಉಳಿದದ್ದನ್ನು ನೀವೇ ಊಹಿಸಿ.

ಪ್ರಪಂಚದ ಫೇಸ್ ಡಯಾಗ್ರಾಂಗಳಲ್ಲಿ ಬಹಳಷ್ಟು ಹುಟ್ಟಿದ್ದು ಹೀಗೇ, ಕರಗಿಸಿ, ತಣಿಸಿ, ಎಲ್ಲಿ ತಡವರಿಸಿತು ಎಂದು ಬರೆದುಕೊಂಡು. ಲಂಡನ್ನಿನ ಟಂಕಸಾಲೆಯಲ್ಲಿದ್ದ ರಾಬರ್ಟ್ಸ್-ಆಸ್ಟೆನ್ 1897ರಲ್ಲಿ ಕಬ್ಬಿಣ–ಕಾರ್ಬನ್ ನಕ್ಷೆಯ ಮೊದಲ ರೂಪ ಪ್ರಕಟಿಸಿದ. ಅವನ ಕೈಯಲ್ಲಿದ್ದದ್ದೂ ಇಂಥದೇ ತಂತಿ. ನಿಮ್ಮ ಕೊರಳಿನ ಸರಕ್ಕೂ ಒಂದು ನಕ್ಷೆ ಇದೆ. ಚಿನ್ನ ಕರಗೋದು 1064ಕ್ಕೆ, ತಾಮ್ರ 1085ಕ್ಕೆ. ನೂರರಲ್ಲಿ ಎಂಬತ್ತು ಪಾಲು ಚಿನ್ನ, ಇಪ್ಪತ್ತು ತಾಮ್ರ ಸೇರಿದರೆ ಸುಮಾರು 910ಕ್ಕೇ ಕರಗುತ್ತೆ!

ಅಜ್ಜನಿಗೆ ಮೊಬೈಲಲ್ಲಿ ಕಬ್ಬಿಣ–ಕಾರ್ಬನ್ ನಕ್ಷೆ ತೋರಿಸಿದೆ. ಕಾರ್ಬನ್ ಲೋಹವಲ್ಲ, ಆದರೂ ಎರಡರ ಬೆರಕೆಯ ನಕ್ಷೆಗಳಲ್ಲಿ ಇದಕ್ಕಿಂತ ಹೆಚ್ಚು ಬಳಕೆಯಾಗುವುದು ಇನ್ನೊಂದಿಲ್ಲ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಬೇಕು. ಕಾರ್ಬನ್ ಸೇರುತ್ತಾ ಹೋದಂತೆ ಗೆರೆ ಇಳಿದು, ಶೇ 4.3ರಲ್ಲಿ 1147ರ ಕಣಿವೆ. ಅಜ್ಜ ಕನ್ನಡಕ ಸರಿಮಾಡಿಕೊಂಡು ಆ ಕಣಿವೆಯ ಮೇಲೆ ಬೆರಳಿಟ್ಟು, "ನಮ್ಮ ಬೀಡು ಕಬ್ಬಿಣ ಇಲ್ಲೇ ತಾನೇ? ಇದ್ದಿಲು ಕುಡಿಯದೆ ಕಬ್ಬಿಣ ಹರಿಯಲ್ಲ" ಅಂದರು.

ನಮ್ಮೂರಿನ ನೆತ್ತಿಯ ಮೇಲಿನ ಬೆಟ್ಟದ ಚರಿತ್ರೆ ಆ ಒಂದು ಬೆರಳಿನ ಕೆಳಗಿತ್ತು. ಕೆಮ್ಮಣ್ಣುಗುಂಡಿ ಅಂದರೆ ಕೆಂಪು ಮಣ್ಣಿನ ಗುಂಡಿ; ಆ ಕೆಂಪು ಕಬ್ಬಿಣದ್ದು. 1918ರಲ್ಲಿ ಮೈಸೂರು ಸಂಸ್ಥಾನ ಭದ್ರಾವತಿಯಲ್ಲಿ ಕಾರ್ಖಾನೆಗೆ ಕೈಹಾಕಿತು, ಹಿಂದೆ ನಿಂತು ಮಾಡಿಸಿದವರು ವಿಶ್ವೇಶ್ವರಯ್ಯನವರು. 1923ರಲ್ಲಿ ಊದುಕುಲುಮೆ ಹೊತ್ತಿಕೊಂಡಿತು. ಅದಿರು ಕೆಮ್ಮಣ್ಣುಗುಂಡಿಯದು, ಉರುವಲು ಕಲ್ಲಿದ್ದಲಲ್ಲ, ಮಲೆನಾಡಿನ ಕಾಡಿನ ಇದ್ದಿಲು. ಇದ್ದಿಲು ಬಿಸಿಯನ್ನೂ ಕೊಟ್ಟಿತು, ಅದಿರಿನಿಂದ ಆಮ್ಲಜನಕವನ್ನೂ ಕಿತ್ತಿತು, ಜೊತೆಗೆ ಕಬ್ಬಿಣದೊಳಗೆ ತಾನೇ ಹೊಕ್ಕು ಅದನ್ನು ಕಣಿವೆಗೆ ಇಳಿಸಿ ನೀರಿನಂತೆ ಹರಿಸಿತು. ಊದುಕುಲುಮೆಯ ಕಬ್ಬಿಣದಲ್ಲಿ ಶೇ 4ರ ಸುತ್ತ ಕಾರ್ಬನ್ ಇರೋದು ಇದರಿಂದಲೇ. ಆದರೆ ಅಷ್ಟು ಕಾರ್ಬನ್ ಇರುವ ಕಬ್ಬಿಣ ಸುತ್ತಿಗೆ ಏಟಿಗೆ ಒಡೆಯುತ್ತೆ. ಉಕ್ಕು ಬೇಕಾದರೆ ಕಾರ್ಬನ್ನನ್ನು ಶೇ 2ಕ್ಕಿಂತ ಎಷ್ಟೋ ಕೆಳಗೆ ಸುಟ್ಟು ತೆಗೆಯಬೇಕು, ತೆಗೆದಷ್ಟೂ ಕರಗುವ ಬಿಸಿ ಮತ್ತೆ ಬೆಟ್ಟ ಹತ್ತುತ್ತೆ. ಹಳೇ ಕಾಲದ ಸಣ್ಣ ಕುಲುಮೆಗಳಲ್ಲಿ ಕಬ್ಬಿಣ ಕರಗುತ್ತಲೇ ಇರಲಿಲ್ಲ; ಮುದ್ದೆಯಾಗಿ ಬಂದದ್ದನ್ನು ಬಡಿದು ಕಿಟ್ಟ ತೆಗೆಯುತ್ತಿದ್ದರು. ಆ ಮುದ್ದೆಯನ್ನು ಮುಚ್ಚಿದ ಮೂಸೆಯಲ್ಲಿಟ್ಟು, ಸೊಪ್ಪು ಕಟ್ಟಿಗೆಯ ಕಾರ್ಬನ್ ಕುಡಿಸಿ, ಶೇ 1.5ರ ಸುತ್ತಮುತ್ತ ತಂದು ಉಕ್ಕು ಮಾಡುವ ಕಲೆ ಮೈಸೂರು ಸೀಮೆಯಲ್ಲಿತ್ತು. ಇಂಗ್ಲಿಷಿನವರು ಅದನ್ನು 'ವೂಟ್ಸ್' ಎಂದು ಕರೆದರು. ಅದು ನಮ್ಮ 'ಉಕ್ಕು' ಪದವೇ ಎಂದು ಹೇಳುವವರು ಬಹಳ ಮಂದಿ, ನಾನೂ ಒಬ್ಬಳು.

ನಕ್ಷೆಯಲ್ಲಿ ಇಲ್ಲದ್ದೂ ಒಂದಿದೆ, ಅದನ್ನು ಕೇಳಿದ್ದು ಅಜ್ಜನೇ. "ಕತ್ತಿಗೆ ಹದ ಹಾಕೋದು ಇದರಲ್ಲಿ ಎಲ್ಲಿದೆ?" ಎಲ್ಲೂ ಇಲ್ಲ. ನಕ್ಷೆಯ ಪ್ರಕಾರ 727 ಡಿಗ್ರಿಗಿಂತ ಕೆಳಗೆ ಉಕ್ಕು ಮೆತ್ತಗಿನ ಕಬ್ಬಿಣದ ಪದರ, ಗಡಸು ಕಾರ್ಬೈಡಿನ ಪದರ ಎಂದು ಬೇರೆಯಾಗಬೇಕು. ಆದರೆ ಕಮ್ಮಾರರು ಕೆಂಪಗೆ ಕಾದ ಕತ್ತಿಯನ್ನು ಚುಯ್ ಅಂತ ನೀರಿಗಿಳಿಸುತ್ತಾರೆ. ಕಾರ್ಬನ್‌ಗೆ ಸರಿದುಕೊಳ್ಳಲು ಸಮಯವೇ ಸಿಗಲ್ಲ, ಇದ್ದಲ್ಲೇ ಸಿಕ್ಕಿಹಾಕಿಕೊಂಡು ಕತ್ತಿ ಗಡಸಾಗುತ್ತೆ. ಆ ರೂಪಕ್ಕೆ ಮಾರ್ಟೆನ್ಸೈಟ್ ಅನ್ನುತ್ತಾರೆ. ಫೇಸ್ ಡಯಾಗ್ರಾಂ ಹೇಳೋದು ಲೋಹಕ್ಕೆ ಬೇಕಾದಷ್ಟು ಸಮಯ ಕೊಟ್ಟರೆ ಏನಾಗುತ್ತೆ ಅನ್ನೋದನ್ನು ಮಾತ್ರ. ಅಡಿಕೆ ಗೊನೆ ಇಳಿಸುವ ಕತ್ತಿಯ ಬಾಯಿ ಇರೋದು ನಕ್ಷೆಯ ಹೊರಗೆ.

ಬೆಂಗಳೂರಿಗೆ ಹೋದವಳೇ ಹೊಸ ರೀಲಿನ ತುಂಡನ್ನು ಲ್ಯಾಬಿಗೆ ಕಳಿಸಿದೆ. ತವರ ಶೇ 49 ಚಿಲ್ಲರೆ ಎಂದು ವರದಿ ಬಂತು. ಎರಡನೇ ರಿಪೋರ್ಟ್ ಬರೆದು, ಮೊದಲನೆಯದರಲ್ಲಿ ಕಾರಣ ತಪ್ಪಾಗಿ ನಮೂದಿಸಿದ್ದು ನಾನೇ ಎಂದು ಅದರಲ್ಲೇ ಸೇರಿಸಿ, ನನ್ನ ಎರಡು ಗ್ರಾಫ್ ಅಂಟಿಸಿದೆ. ಮೀಟಿಂಗಿನಲ್ಲಿ "ಸೌಟಿನಲ್ಲಿ ಅಳೆದದ್ದಾ?" ಎಂದು ಒಬ್ಬರು ನಕ್ಕರು. ಲ್ಯಾಬಿನ ಹಾಳೆ ಮುಂದಿಟ್ಟ ಮೇಲೆ ನಗಲಿಲ್ಲ. ಅಕ್ಕನ ನೋಟಿಸ್ ವಾಪಸ್ ಪಡೆದರು. ನಡುವಿನ ಮೂರು ವಾರದ ಸಂಬಳ ಮಾತ್ರ ಇನ್ನೂ ಬಂದಿಲ್ಲ; ಅದಕ್ಕೆ ನಾನು ಬರೆದ ಮೂರನೇ ಮೇಲ್ ಮೊನ್ನೆ ಹೋಯಿತು.

ವಿಷಯ ಹೇಳಲು ಅವರಿಗೆ ಫೋನ್ ಮಾಡಿದಾಗ ಸಾರಿ ಕೇಳಬೇಕು ಎಂದು ಮಾತು ಜೋಡಿಸಿಕೊಂಡಿದ್ದೆ. ಅವರು ಪೂರ್ತಿ ಕೇಳಿಸಿಕೊಂಡರು.

"ನಾನು ಹೇಳಿದ್ನಲ್ಲ ಮೇಡಂ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ವೈರಿನ ರೀಲು ಸ್ಟೋರಲ್ಲಿ ಕೆಳಗಿನ ರ‍್ಯಾಕಲ್ಲಿ ಇನ್ನೂ ಇರ್ಬೇಕು ನೋಡಿ. ಮೊದಲು ಅದನ್ನ ತೆಗೆಸಿ, ಪಾಪ, ಬೇರೆ ಹುಡುಗೀರು ಹಾಕಿಬಿಟ್ಟಾರು."

ಹೋಗಿ ನೋಡಿದೆ. ನಾಲ್ಕು ರೀಲು ಇದ್ದವು.