ತೆರೆದ ಕಾರಿಗೆ ಗಟ್ಟಿ ಛಾವಣಿ

ಏಪ್ರಿಲ್ ತಿಂಗಳ ಒಂದು ಬೆಳಗ್ಗೆ ಹೆಬ್ಬಾಳದಿಂದ ಯಲಹಂಕದ ಕಡೆಗೆ ಬಳ್ಳಾರಿ ರಸ್ತೆಯಲ್ಲಿ ತೆರೆದ ಕಾರೊಂದು ಸಾಗುತ್ತಿದೆಯೆಂದು ಭಾವಿಸೋಣ. ಮೇಲೆ ಛಾವಣಿಯಿಲ್ಲ, ಗಾಳಿ ಹಿತವಾಗಿದೆ. ಮಧ್ಯಾಹ್ನದ ಹೊತ್ತಿಗೆ ಬಿಸಿಲು ನೆತ್ತಿಯನ್ನು ಸುಡುತ್ತದೆ. ಸಂಜೆಗೆ ಮೋಡ ಕವಿದು ಆಲಿಕಲ್ಲಿನೊಡನೆ ಮಳೆ ಬಂದರಂತೂ ಕಾರಿನವನ ಪಾಡು ಹೇಳತೀರದು. ಇದಕ್ಕಾಗಿಯೇ ಇಂತಹ ಕಾರುಗಳಿಗೆ ಮಡಿಸಬಹುದಾದ ಬಟ್ಟೆಯ ಛಾವಣಿ ಇರುತ್ತದೆ. ಆದರೆ ಬಟ್ಟೆ ಗಾಳಿಗೆ ಪಟಪಟನೆ ಬಡಿದುಕೊಳ್ಳುತ್ತದೆ. ಕೆಲವು ವರ್ಷಗಳಲ್ಲಿ ಜೀರ್ಣವಾಗುತ್ತದೆ. ಆದುದರಿಂದ ಕೆಲವು ತಯಾರಕರು ಉಕ್ಕು, ಅಲ್ಯೂಮಿನಿಯಂ ಅಥವಾ ಫೈಬರ್‌ಗ್ಲಾಸಿನಿಂದ ಮಾಡಿದ, ಬೇಕಾದಾಗ ಕೂಡಿಸಿ ಬೇಡವಾದಾಗ ಕಳಚಿಡಬಹುದಾದ ಗಟ್ಟಿ ಛಾವಣಿಯನ್ನೂ ಒದಗಿಸುತ್ತಾರೆ. ಇದಕ್ಕೆ ‘ಹಾರ್ಡ್‌ಟಾಪ್’ ಎಂದು ಹೆಸರು.

ಇದನ್ನು ಕೂಡಿಸುವುದೆಂದರೆ ಪಾತ್ರೆಗೆ ಮುಚ್ಚಳವಿಟ್ಟಂತೆ ಎಂದು ಮೇಲುನೋಟಕ್ಕೆ ತೋರುತ್ತದೆ. ವಾಸ್ತವವಾಗಿ ಹಾಗಲ್ಲ. ಮುಚ್ಚಳ ತನ್ನ ಭಾರದಿಂದಲೇ ಕುಳಿತಿರುತ್ತದೆ. ಓಡುವ ಕಾರಿನ ಛಾವಣಿಗೆ ಆ ಭಾರ ಸಾಲದು. ಏಕೆಂಬುದನ್ನು ಸ್ವಲ್ಪ ವಿಚಾರಿಸೋಣ.

ಮೊದಲು ಒಂದು ಸುಲಭವಾದ ಪ್ರಯೋಗ. ಪಾದರಕ್ಷೆಗಳ ರಟ್ಟಿನ ಪೆಟ್ಟಿಗೆಯೊಂದನ್ನು ತೆಗೆದುಕೊಳ್ಳಿರಿ. ಮುಚ್ಚಳವಿಲ್ಲದ ಪೆಟ್ಟಿಗೆಯ ಎರಡು ತುದಿಗಳನ್ನು ಹಿಡಿದು ತಿರುಚಿದರೆ ಅದು ಸುಲಭವಾಗಿ ತಿರುಚಿಕೊಳ್ಳುತ್ತದೆ. ಮುಚ್ಚಳವನ್ನು ಸುಮ್ಮನೆ ಮೇಲಿಟ್ಟು ತಿರುಚಿದರೂ ಹೆಚ್ಚು ವ್ಯತ್ಯಾಸ ಕಾಣದು. ಅದೇ ಮುಚ್ಚಳವನ್ನು ಸುತ್ತಲೂ ಅಂಟಿಸಿ ಒಣಗಿಸಿದರೆ ಪೆಟ್ಟಿಗೆ ಬಿಗಿಯಾಗಿ ನಿಲ್ಲುತ್ತದೆ. ಸಾಮಾನ್ಯ ಕಾರಿನ ಛಾವಣಿ ಈ ಅಂಟಿಸಿದ ಮುಚ್ಚಳದಂತೆ. ಅದು ಕಾರಿನ ಮೈಗಟ್ಟಿಗೆ ನೆರವಾಗುತ್ತದೆ. ತೆರೆದ ಕಾರಿಗೆ ಆ ನೆರವಿಲ್ಲದ ಕಾರಣ, ತಯಾರಕರು ಬಾಗಿಲುಗಳ ಕೆಳಗಿನ ತೊಲೆಗಳನ್ನೂ ನೆಲದ ಹಲಗೆಯನ್ನೂ ಹೆಚ್ಚು ಬಲಪಡಿಸಿರುತ್ತಾರೆ. ಆದರೂ ಹಳ್ಳದಿಣ್ಣೆಯ ರಸ್ತೆಯಲ್ಲಿ ಕಾರಿನ ಮೈ ಕೊಂಚ ತಿರುಚುವುದುಂಟು. ಗಟ್ಟಿ ಛಾವಣಿ ಈ ಚಲನೆಗೆ ಹೊಂದಿಕೊಳ್ಳದಿದ್ದರೆ ಕಿರುಗುಟ್ಟುತ್ತದೆ. ಕಾಲಕ್ರಮದಲ್ಲಿ ಬೋಲ್ಟುಗಳ ಸುತ್ತ ಬಿರುಕು ಬಿಡುತ್ತದೆ.

ಎರಡನೆಯ ವಿಷಯ ಗಾಳಿಯದು, ಇದೇ ಮುಖ್ಯವಾದುದು. ಕಾರಿನ ಉಬ್ಬಿದ ಛಾವಣಿಯ ಮೇಲೆ ಹಾಯುವ ಗಾಳಿಯ ವೇಗ ಹೆಚ್ಚುತ್ತದೆ. ವೇಗ ಹೆಚ್ಚಿದೆಡೆಯಲ್ಲಿ ಒತ್ತಡ ಕಡಿಮೆಯಾಗುತ್ತದೆಂಬ ತತ್ತ್ವವನ್ನು ಡೇನಿಯಲ್ ಬರ್ನೂಲಿ 1738ರಲ್ಲಿ ಪ್ರಕಟಿಸಿದನು. ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವಿನ ಜಕ್ಕೂರು ವಿಮಾನನಿಲ್ದಾಣದಿಂದ ಸಣ್ಣ ವಿಮಾನವೊಂದು ಮೇಲೇರುವಾಗಲೂ ಅದರ ರೆಕ್ಕೆಯ ಮೇಲ್ಭಾಗದಲ್ಲಿ ಇಂತಹ ಕಡಿಮೆ ಒತ್ತಡವೇ ಉಂಟಾಗುತ್ತದೆ. ಛಾವಣಿಯ ಕೆಳಗೆ ಹೆಚ್ಚು ಒತ್ತಡ, ಮೇಲೆ ಕಡಿಮೆ ಒತ್ತಡ. ಇದರ ಫಲವಾಗಿ ಛಾವಣಿ ಮೇಲಕ್ಕೆ ಸೆಳೆಯಲ್ಪಡುತ್ತದೆ.

ಈ ಸೆಳೆತ ಎಷ್ಟಿರಬಹುದು? ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಹೆಚ್ಚುಕಡಿಮೆ 1.06 ಕಿಲೋಗ್ರಾಂ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಎದುರಾಗುವ ಗಾಳಿಯ ಒತ್ತಡವನ್ನು ಲೆಕ್ಕಹಾಕಿದರೆ ಚದರ ಮೀಟರಿಗೆ ಸುಮಾರು 42 ಕಿಲೋಗ್ರಾಂ ಭಾರದಷ್ಟಾಗುತ್ತದೆ. ಇದರ ಅರ್ಧದಷ್ಟು ಮಾತ್ರ ಛಾವಣಿಯನ್ನು ಮೇಲೆಳೆಯುತ್ತದೆಂದೂ, ಛಾವಣಿಯ ವಿಸ್ತಾರ 1.2 ಚದರ ಮೀಟರೆಂದೂ ಇಟ್ಟುಕೊಂಡರೆ, ಒಟ್ಟು ಸೆಳೆತ 25 ಕಿಲೋಗ್ರಾಂ ಭಾರಕ್ಕೆ ಸಮ. ಇಬ್ಬರು ಕೂರುವ ಸಣ್ಣ ಕಾರಿನ ಗಟ್ಟಿ ಛಾವಣಿಯ ತೂಕವೂ 20ರಿಂದ 25 ಕಿಲೋಗ್ರಾಂ ಮಾತ್ರ! ಎಂದರೆ ಆ ವೇಗದಲ್ಲಿ ಛಾವಣಿ ತನ್ನ ತೂಕವನ್ನೇ ಕಳೆದುಕೊಂಡಂತೆ. ಈ ಬಲ ವೇಗದ ವರ್ಗಕ್ಕೆ ಅನುಗುಣವಾದುದು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಅದು ಆರು ಕಿಲೋಗ್ರಾಮಿನಷ್ಟೇ. ಊರೊಳಗೆ ಅಲುಗದೆ ಕುಳಿತ ಛಾವಣಿ ಹೆದ್ದಾರಿಯಲ್ಲಿ ಏಕೆ ಕೈಕೊಡಬಹುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹಾಗೆ ಹಾರಿಹೋದ ಛಾವಣಿ ಹಿಂದೆ ಬರುವ ಸ್ಕೂಟರು ಸವಾರನ ಪ್ರಾಣಕ್ಕೇ ಎರವಾಗಬಹುದು.

ಮೂರನೆಯದು ಉಷ್ಣ. ಮುಂಜಾನೆಗಿಂತ ಮಧ್ಯಾಹ್ನದ ಬಿಸಿಲಿನಲ್ಲಿ ಛಾವಣಿಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿತೆನ್ನೋಣ. 1.2 ಮೀಟರ್ ಅಗಲದ ಅಲ್ಯೂಮಿನಿಯಂ ಛಾವಣಿ ಸುಮಾರು 1.1 ಮಿಲಿಮೀಟರ್ ಹಿಗ್ಗುತ್ತದೆ. ಉಕ್ಕು ಅಷ್ಟೇ ಕಾದರೂ ಹಿಗ್ಗುವುದು 0.6 ಮಿಲಿಮೀಟರ್ ಮಾತ್ರ. ಈ ಅಂತರ ಅಲ್ಪವಾದರೂ, ಅದಕ್ಕೆ ಎಡೆಗೊಡದೆ ಬಿಗಿದರೆ ತಗಡು ಡೊಂಕಾಗುತ್ತದೆ. ಅಂಚಿಗೆ ಮೆತ್ತನೆಯ ರಬ್ಬರ್ ಪಟ್ಟಿಯನ್ನು ಇಡುವುದು ಇದಕ್ಕಾಗಿ. ಅದೇ ಪಟ್ಟಿ ಮಳೆಯ ನೀರನ್ನೂ ತಡೆಯುತ್ತದೆ.

ಹೀಗೆ ಛಾವಣಿ ಒಂದೆಡೆ ಬಿಗಿಯಾಗಿರಬೇಕು; ಮತ್ತೊಂದೆಡೆ ಕೊಂಚ ಹೊಂದಿಕೊಳ್ಳಲೂಬೇಕು. ಕೂಡಿಸುವ ಕ್ರಮವೆಲ್ಲ ಇದನ್ನೇ ಅನುಸರಿಸುತ್ತದೆ. ಬಾಗಿಲ ಗಾಜುಗಳನ್ನು ಇಳಿಸಿ, ಇಬ್ಬರು ಎರಡು ಪಕ್ಕಗಳಲ್ಲಿ ನಿಂತು ಛಾವಣಿಯನ್ನು ಎತ್ತಿ ನೇರವಾಗಿ ಇಳಿಸಬೇಕು. ಮುಂದಿನ ಗಾಜಿನ ಚೌಕಟ್ಟಿನ ಮೇಲೆ, ಬಾಗಿಲುಗಳ ಹಿಂದೆ ಮತ್ತು ಹಿಂಭಾಗದಲ್ಲಿ ಇರುವ ಕೊಂಡಿಗಳನ್ನೆಲ್ಲ ಮೊದಲು ಸಡಿಲವಾಗಿ ಹಾಕಬೇಕು. ಅನಂತರ ಎಡಬಲಗಳನ್ನು ಸರಿದೂಗಿಸಿ, ಒಂದಾದಮೇಲೊಂದರಂತೆ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಒಂದನ್ನೇ ಪೂರ್ತಿ ಬಿಗಿದರೆ ಎದುರು ಮೂಲೆ ಮೇಲೇಳುತ್ತದೆ. ಕೊನೆಗೆ ಕಾಗದದ ಪಟ್ಟಿಯೊಂದನ್ನು ಅಲ್ಲಲ್ಲಿ ರಬ್ಬರಿನ ಕೆಳಗೆ ಸಿಕ್ಕಿಸಿ ಎಳೆದು ನೋಡಬೇಕು. ಎಲ್ಲೆಡೆಯೂ ಸಮನಾದ ಬಿಗಿ ಕಂಡರೆ ಛಾವಣಿ ಸರಿಯಾಗಿ ಕುಳಿತಿದೆ. ಸಲೀಸಾಗಿ ಜಾರಿಬಂದ ಕಡೆ ನೀರೂ ನುಗ್ಗುವುದು ಖಂಡಿತ.

ಛಾವಣಿಯ ಆಕಾರಕ್ಕೂ ಮಹತ್ತ್ವವುಂಟು. 1963ರಲ್ಲಿ ಹೊರಬಂದ ಮರ್ಸಿಡಿಸ್ 230 ಎಸ್‌ಎಲ್ ಕಾರಿನ ಕಳಚುವ ಛಾವಣಿಯು ನಡುವೆ ತಗ್ಗಾಗಿ ಎರಡು ಅಂಚುಗಳಲ್ಲಿ ಎತ್ತರವಾಗಿತ್ತು. ಪೂರ್ವದೇಶಗಳ ಗುಡಿಯ ಮಾಡನ್ನು ನೆನಪಿಸಿದ್ದರಿಂದ ಆ ಕಾರಿಗೆ ‘ಪಗೋಡ’ ಎಂಬ ಅಡ್ಡಹೆಸರೇ ಬಂದಿತು. ಚಪ್ಪಟೆ ಕಾಗದ ಬಾಗುತ್ತದೆ. ಅದನ್ನೇ ದೋಣಿಯಂತೆ ಬಳುಕಿಸಿ ಹಿಡಿದರೆ ನೆಟ್ಟಗೆ ನಿಲ್ಲುತ್ತದೆ. ಆ ಛಾವಣಿಯ ತಗ್ಗು ಬಲವನ್ನು ಕೊಟ್ಟರೆ, ಎತ್ತರದ ಅಂಚು ಒಳಗೆ ಹತ್ತಿ ಕೂರುವುದನ್ನು ಸುಲಭಗೊಳಿಸಿತು.

ಇನ್ನೆರಡು ಎಚ್ಚರಿಕೆಯ ಮಾತುಗಳು. ಕಳಚುವ ಛಾವಣಿ ಬಿಸಿಲುಮಳೆಗೆ ಮರೆಯೇ ಹೊರತು, ಕಾರು ಮಗುಚಿದಾಗ ತಲೆಯನ್ನು ಕಾಯುವ ಕವಚವೆಂದು ನಂಬಬಾರದು. ಎರಡನೆಯದಾಗಿ, ತಯಾರಕರ ಮೂಲ ವಿನ್ಯಾಸದಲ್ಲಿ ಇಲ್ಲದ ಬದಲಾವಣೆಗಳನ್ನು ಮೋಟಾರು ವಾಹನ ಕಾಯಿದೆಯ 52ನೆಯ ವಿಧಿ ನಿರ್ಬಂಧಿಸುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಆದುದರಿಂದ ತಯಾರಕರೇ ಆ ಕಾರಿಗೆಂದು ಮಾಡಿದ ಛಾವಣಿಯನ್ನು ಆರಿಸಿಕೊಂಡು, ಯಲಹಂಕ ಅಥವಾ ಯಶವಂತಪುರದ ಸಾರಿಗೆ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸುವುದು ಲೇಸು.

ಮುಂದೆ ಬಳ್ಳಾರಿ ರಸ್ತೆಯಲ್ಲಿ ಇಂತಹ ಕಾರೊಂದು ಕಣ್ಣಿಗೆ ಬಿದ್ದರೆ ವಾಚಕರು ಛಾವಣಿಯ ಹೊಳಪನ್ನು ಮಾತ್ರ ನೋಡಿ ಸುಮ್ಮನಾಗದಿರಲಿ. ಇಪ್ಪತ್ತೈದು ಕಿಲೋಗ್ರಾಂ ಭಾರದ ಆ ವಸ್ತುವನ್ನು ಗಾಳಿಯ ಕೈಗೆ ಸಿಗದಂತೆ ಹಿಡಿದಿರುವುದು ಹಸ್ತದಗಲದ ನಾಲ್ಕಾರು ಕೊಂಡಿಗಳೆಂಬುದನ್ನೂ ನೆನೆಯಲಿ.