ಬ್ರೇಕನ್ನು ಹಿಡಿದಿಡುವ ಬೋಲ್ಟು

ಹನುಮಂತನಗರದವರಿಗೆ ಇಳಿಜಾರಿನ ವಿಷಯ ಹೊಸದಾಗಿ ಹೇಳಬೇಕಾಗಿಲ್ಲ. ರಾಮಾಂಜನೇಯ ಗುಡ್ಡದ ಆಸುಪಾಸಿನ ಅಡ್ಡರಸ್ತೆಗಳಲ್ಲಿ ಮೋಟಾರ್ ಸೈಕಲ್ ಇಳಿಸುವಾಗ ಎಂಜಿನ್ನಿಗಿಂತ ಬ್ರೇಕಿಗೇ ಹೆಚ್ಚು ಕೆಲಸ. ಎಷ್ಟು ಕೆಲಸ ಎಂಬುದನ್ನು ನಿಮ್ಮ ಭೌತಶಾಸ್ತ್ರದ ಪಠ್ಯಪುಸ್ತಕದಿಂದಲೇ ಲೆಕ್ಕ ಹಾಕಬಹುದು. ಗಾಡಿಯ ತೂಕ 130 ಕೆ.ಜಿ., ಸವಾರನದು 60 ಕೆ.ಜಿ., ಒಟ್ಟು 190 ಕೆ.ಜಿ. ಎಂದಿಟ್ಟುಕೊಳ್ಳಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಇದರ ಚಲನಶಕ್ತಿ ಸುಮಾರು 11,700 ಜೂಲ್. ವೇಗ 60 ಕಿ.ಮೀ. ಆದರೆ ಚಲನಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟಾಗಿ 26,000 ಜೂಲ್ ದಾಟುತ್ತದೆ. ಇನ್ನು, ಮೂರಂತಸ್ತಿನ ಮನೆಯ ಎತ್ತರದಷ್ಟು, ಅಂದರೆ ಹತ್ತು ಮೀಟರ್, ಕೆಳಗಿಳಿದರೆ ಗುರುತ್ವಾಕರ್ಷಣೆಯೇ 18,600 ಜೂಲ್ ಶಕ್ತಿಯನ್ನು ಗಾಡಿಗೆ ಕೊಡುತ್ತದೆ. ವೇಗ ಏರದಂತೆ ಇಳಿಯಬೇಕಾದರೆ ಇದನ್ನೂ ಎಲ್ಲಾದರೂ ಕಳೆಯಲೇಬೇಕು.

ಶಕ್ತಿ ನಾಶವಾಗುವುದಿಲ್ಲ, ಬ್ರೇಕಿನಲ್ಲಿ ಶಾಖವಾಗುತ್ತದೆ. 40 ಕಿ.ಮೀ. ವೇಗದಿಂದ ಒಮ್ಮೆ ನಿಲ್ಲುವಾಗ ಹುಟ್ಟುವ ಶಾಖ, ಒಂದು ಸಣ್ಣ ಲೋಟದ 100 ಮಿ.ಲೀ. ನೀರನ್ನು ಸುಮಾರು 28 ಡಿಗ್ರಿ ಬಿಸಿಮಾಡಲು ಸಾಕು. ಇಳಿಜಾರಿನಲ್ಲಿ ಗೇರ್ ತಗ್ಗಿಸಿ ಇಳಿಯಿರಿ ಎಂದು ಹಿರಿಯರು ಹೇಳುವುದು ಇದಕ್ಕೇ: ಶಕ್ತಿಯ ಒಂದು ಪಾಲನ್ನು ಎಂಜಿನ್ನೂ ನುಂಗಲಿ ಎಂದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಗಾಡಿಗಳಂಥ ಟೂ-ಸ್ಟ್ರೋಕ್ ಎಂಜಿನ್ನಿನಿಂದ ಈ ನೆರವು ಕಡಿಮೆ. 1996ರಲ್ಲಿ ಆ ಕಾರ್ಖಾನೆ ನಿಂತಿತಾದರೂ ಅದರ ಗಾಡಿಗಳನ್ನು ಅಕ್ಕರೆಯಿಂದ ಓಡಿಸುವವರು ಬೆಂಗಳೂರಿನಲ್ಲಿ ಈಗಲೂ ಇದ್ದಾರೆ. ಅವರಿಗೆ ಇಳಿಜಾರಿನಲ್ಲಿ ಬ್ರೇಕೇ ದೊಡ್ಡ ಆಸರೆ.

ಟಿ.ವಿ.ಯಲ್ಲಿ ಬ್ರೇಕಿನ ಬಗ್ಗೆ ತೋರಿಸಬೇಕಾದರೆ ನಮ್ಮ ಕ್ಯಾಮೆರಾ ಮೊದಲು ಹೋಗಿ ನಿಲ್ಲುವುದು ಹೊಳೆಯುವ ಡಿಸ್ಕಿನ ಮೇಲೆ, ಇಲ್ಲವೇ ಸವೆದ ಬ್ರೇಕ್ ಶೂ ಮೇಲೆ. ಬೆಂಕಿಕಡ್ಡಿಗಿಂತ ಸಣ್ಣದಾದ ಒಂದು ತಂತಿಯ ಪಿನ್ನಿಗೆ ಕ್ಲೋಸ್-ಅಪ್ ಸಿಗುವುದು ಅಪರೂಪ. ಈ ಪುಟದಲ್ಲಿ ಅದಕ್ಕೇ ಹೆಚ್ಚು ಜಾಗ ಕೊಡೋಣ.

ಮೊದಲು ಡ್ರಮ್ ಬ್ರೇಕ್ ಹೇಗೆ ಕೆಲಸಮಾಡುತ್ತದೆ ನೋಡಿ. ಚಕ್ರದ ನಡುವಿನ ಡ್ರಮ್ಮು ಚಕ್ರದೊಡನೆ ತಿರುಗುತ್ತದೆ. ಅದರ ಬಾಯನ್ನು ಮುಚ್ಚುವ ಲೋಹದ ಫಲಕ ತಿರುಗುವುದಿಲ್ಲ. ಫಲಕದ ಒಳಮೈಗೆ ಅರ್ಧಚಂದ್ರಾಕಾರದ ಎರಡು ಬ್ರೇಕ್ ಶೂಗಳಿರುತ್ತವೆ. ನೀವು ಪೆಡಲ್ ಒತ್ತಿದಾಗ ಸರಳೊಂದು ಎಳೆದು ಕ್ಯಾಮನ್ನು ತಿರುಗಿಸುತ್ತದೆ, ಕ್ಯಾಮ್ ಶೂಗಳನ್ನು ಅಗಲಿಸಿ ಡ್ರಮ್ಮಿನ ಒಳಗೋಡೆಗೆ ಉಜ್ಜಿಸುತ್ತದೆ. ಇಷ್ಟು ಎಲ್ಲರಿಗೂ ಗೊತ್ತಿರುವುದೇ. ಆದರೆ ನ್ಯೂಟನ್ನನ ಮೂರನೆಯ ನಿಯಮವನ್ನು ಇಲ್ಲಿ ನೆನೆಯಿರಿ. ಶೂಗಳು ಡ್ರಮ್ಮನ್ನು ತಡೆದರೆ, ಡ್ರಮ್ಮು ಅಷ್ಟೇ ಬಲದಿಂದ ಶೂಗಳನ್ನೂ ಅವುಗಳಿರುವ ಫಲಕವನ್ನೂ ತನ್ನ ಜೊತೆ ಸುತ್ತಿಸಿಕೊಂಡು ಹೋಗಲು ನೋಡುತ್ತದೆ. ಹಾಗಾದರೆ ಫಲಕ ಏಕೆ ತಿರುಗುವುದಿಲ್ಲ?

ಹಿಂದಿನ ಚಕ್ರದಲ್ಲಿ ಡ್ರಮ್ ಬ್ರೇಕ್ ಇರುವ ಬಹಳಷ್ಟು ಗಾಡಿಗಳಲ್ಲಿ ಈ ಫಲಕದಿಂದ ಚೌಕಟ್ಟಿಗೆ ಒಂದು ಉದ್ದನೆಯ ಪಟ್ಟಿ ಹೋಗಿರುತ್ತದೆ. ಅದಕ್ಕೆ ಟಾರ್ಕ್ ರಾಡ್ ಎಂದು ಹೆಸರು. ಎರಡು ತುದಿಯಲ್ಲೂ ಒಂದೊಂದು ಬೋಲ್ಟು. ಇವು ಹೊರುವ ಬಲವನ್ನು ಸನ್ನೆಯ ಲೆಕ್ಕದಿಂದ ಕಂಡುಹಿಡಿಯಿರಿ. ಬ್ರೇಕ್ ಹಾಕಿದಾಗ ರಸ್ತೆಯು ಟೈರನ್ನು 40 ಕೆ.ಜಿ. ತೂಕದಷ್ಟು ಬಲದಿಂದ ಹಿಂದಕ್ಕೆ ತಳ್ಳುತ್ತಿದೆ ಎನ್ನೋಣ. ಚಕ್ರದ ತ್ರಿಜ್ಯ 30 ಸೆಂ.ಮೀ., ಟಾರ್ಕ್ ರಾಡಿನ ಬೋಲ್ಟು ಅಚ್ಚಿನಿಂದ 8 ಸೆಂ.ಮೀ. ದೂರದಲ್ಲಿದ್ದರೆ, 40ನ್ನು 30ರಿಂದ ಗುಣಿಸಿ 8ರಿಂದ ಭಾಗಿಸಿ: 150. ಒಂದೂವರೆ ಕ್ವಿಂಟಾಲ್ ತೂಕದಷ್ಟು ಎಳೆತ, ಪ್ರತಿ ಸಲ ಜೋರಾಗಿ ಬ್ರೇಕ್ ಒತ್ತಿದಾಗಲೂ, ಒಂದು ಸಣ್ಣ ಬೋಲ್ಟಿನ ಮೇಲೆ.

ಆ ಬೋಲ್ಟಿನ ನಟ್ಟು ಕಳಚಿ ಬಿದ್ದರೆ? ಅನೇಕರು ‘ಬ್ರೇಕ್ ಹಿಡಿಯುವುದಿಲ್ಲ, ಅಷ್ಟೇ’ ಎಂದುಕೊಳ್ಳುತ್ತಾರೆ. ಅಷ್ಟೇ ಅಲ್ಲ. ಟಾರ್ಕ್ ರಾಡ್ ಕಳಚಿದ ಮೇಲೆ ಒಮ್ಮೆ ಪೆಡಲ್ ಒತ್ತಿದರೆ ಸಾಕು, ಫಲಕವೇ ಚಕ್ರದೊಡನೆ ತಿರುಗಲು ಹೊರಡುತ್ತದೆ. ಬ್ರೇಕಿನ ಸರಳು ಅದರ ಜೊತೆ ಸುತ್ತಿಕೊಂಡು, ಬಾಗಿ, ಮುರಿಯುತ್ತದೆ. ಇಲ್ಲವೇ ನೀವು ಕಾಲು ತೆಗೆದರೂ ಬಿಡದಂತೆ ಕ್ಯಾಮನ್ನು ಎಳೆದು ಚಕ್ರವನ್ನೇ ಕಚ್ಚಿ ನಿಲ್ಲಿಸುತ್ತದೆ. ಇಳಿಜಾರಿನಲ್ಲಿ ಹಿಂದಿನ ಚಕ್ರ ಹೀಗೆ ಒಮ್ಮೆಲೇ ಕಚ್ಚಿಕೊಂಡರೆ ಗಾಡಿಯನ್ನು ನೆಟ್ಟಗೆ ಹಿಡಿಯುವುದು ಪಳಗಿದವರಿಗೂ ಕಷ್ಟ.

ಮುಂದಿನ ಡ್ರಮ್ಮಿನಲ್ಲಿ ಟಾರ್ಕ್ ರಾಡಿನ ಬದಲು ಸಾಮಾನ್ಯವಾಗಿ ಫಲಕದಲ್ಲಿ ಒಂದು ಗಾಡಿ, ಅಂದರೆ ತೋಡು, ಇರುತ್ತದೆ. ಫೋರ್ಕಿನ ಮೇಲಿನ ಉಬ್ಬು ಅದರೊಳಗೆ ಕೂರಬೇಕು. ಚಕ್ರ ಬಿಚ್ಚಿ ಹಾಕಿದಾಗ ಅದು ಕೂತಿದೆಯೇ ಎಂದು ಬಗ್ಗಿ ನೋಡುವುದು ಒಂದು ನಿಮಿಷದ ಕೆಲಸ.

ಸರಿ, ಬಿಗಿಯಾಗಿ ತಿರುಗಿಸಿದ ನಟ್ಟು ತಾನಾಗಿ ಸಡಿಲವಾಗುವುದಾದರೂ ಹೇಗೆ? ಬೋಲ್ಟು ಹಿಡಿದಿರುವುದು ಅದರ ದಪ್ಪದಿಂದ ಎಂದು ತಿಳಿಯಬೇಡಿ. ನಟ್ಟನ್ನು ಬಿಗಿದಾಗ ಬೋಲ್ಟು ಕಣ್ಣಿಗೆ ಕಾಣದಷ್ಟು ಉದ್ದವಾಗುತ್ತದೆ, ಎಳೆದ ಸ್ಪ್ರಿಂಗಿನಂತೆ ಮತ್ತೆ ಕುಗ್ಗಲು ಹವಣಿಸುತ್ತದೆ. ಆ ಎಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುವುದು. ಊಟದ ಕ್ಯಾರಿಯರಿನ ಪಕ್ಕದ ಕೊಕ್ಕೆ ಹಾಕಿದಾಗ ಡಬ್ಬಿಗಳು ಅಲುಗಾಡದೆ ನಿಲ್ಲುವುದೂ ಒತ್ತಡದಿಂದಲೇ. ಕೊಕ್ಕೆ ಸಡಿಲವಾದರೆ ಸಾರು ಚೆಲ್ಲಿತು.

ಇನ್ನು ಕಂಪನ. ಒಂದೇ ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುತ್ತಿದ್ದರೆ, ಅರ್ಧ ಗಂಟೆಯ ಸವಾರಿಯಲ್ಲಿ ಗಾಡಿಯ ಪ್ರತಿಯೊಂದು ನಟ್ಟೂ 1,20,000 ಸಲ ನಡುಗುತ್ತದೆ. ಅದರ ಮೇಲೆ ನಮ್ಮ ರಸ್ತೆಯ ಉಬ್ಬುಗಳು, ಪೈಪಿಗಾಗಿ ಅಗೆದು ಮುಚ್ಚಿದ ಗುಂಡಿಗಳು. ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ಸ್ವಾರಸ್ಯವಾದ ಸಂಗತಿ ಹೊರಬಿತ್ತು. ಬೋಲ್ಟಿನ ಉದ್ದಕ್ಕೆ ಕುಲುಕುವುದಕ್ಕಿಂತ ಅಡ್ಡಡ್ಡಲಾಗಿ ಜರುಗುವ ಅಲುಗಾಟವೇ ನಟ್ಟನ್ನು ಬೇಗ ಬಿಚ್ಚುತ್ತದೆ. ಕಾರಣ ನಿಮ್ಮ ಅಡುಗೆಮನೆಯಲ್ಲೇ ಇದೆ. ಗಟ್ಟಿಯಾಗಿ ಕೂತ ಬಿರಡೆಯನ್ನು ನೇರವಾಗಿ ಎಳೆದರೆ ಬಾರದು, ತಿರುಚುತ್ತಾ ಎಳೆದರೆ ಬಂದುಬಿಡುತ್ತದೆ. ಒಂದು ದಿಕ್ಕಿನಲ್ಲಿ ಜಾರಲು ಆರಂಭಿಸಿದ ವಸ್ತುವಿಗೆ ಮತ್ತೊಂದು ದಿಕ್ಕಿನಲ್ಲಿ ಘರ್ಷಣೆಯ ತಡೆ ಉಳಿಯುವುದಿಲ್ಲ. ಅಡ್ಡ ಜರುಗುವ ನಟ್ಟು ಪ್ರತಿ ಜರುಗಿಗೂ ಕೂದಲೆಳೆಯಷ್ಟು ಹಿಂದಕ್ಕೆ ತಿರುಗುತ್ತದೆ. ಎಳೆತ ಕಡಿಮೆಯಾದಷ್ಟೂ ಜರುಗಾಟ ಹೆಚ್ಚುತ್ತದೆ. ಮೊದಲ ಸುತ್ತು ಸಡಿಲವಾಗಲು ತಿಂಗಳುಗಳೇ ಬೇಕಾಗಬಹುದು, ಉಳಿದ ಸುತ್ತುಗಳಿಗೆ ಅಷ್ಟು ಕಾಲ ಬೇಡ.

ಆದ್ದರಿಂದ ನಟ್ಟನ್ನು ಭದ್ರಪಡಿಸುವುದರಲ್ಲಿ ಎರಡು ಬೇರೆಬೇರೆ ಕೆಲಸಗಳಿವೆ. ಇವನ್ನು ಬೆರೆಸಿಕೊಳ್ಳಬೇಡಿ. ಸಡಿಲವಾಗದಂತೆ ನೋಡಿಕೊಳ್ಳುವುದು ಒಂದು, ಸಡಿಲವಾದರೂ ಬೀಳದಂತೆ ನೋಡಿಕೊಳ್ಳುವುದು ಮತ್ತೊಂದು. ಮೊದಲನೆಯದಕ್ಕೆ ಸರಿಯಾದ ಬಿಗಿತವೇ ಮುಖ್ಯ. ಗಾಡಿಯ ಕೈಪಿಡಿಯಲ್ಲಿ ಇದನ್ನು ನ್ಯೂಟನ್-ಮೀಟರುಗಳಲ್ಲಿ ಕೊಟ್ಟಿರುತ್ತಾರೆ. 25 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಗೆ 10 ಕೆ.ಜಿ. ತೂಕದಷ್ಟು ಬಲ ಹಾಕಿದರೆ ಹೆಚ್ಚುಕಡಿಮೆ 25 ನ್ಯೂಟನ್-ಮೀಟರ್. ಸ್ಪ್ಯಾನರಿಗೆ ಪೈಪು ತೂರಿಸಿ ಮೈಭಾರವೆಲ್ಲ ಬಿಡುವುದು ಶೌರ್ಯವಲ್ಲ. ಅತಿಯಾಗಿ ಎಳೆದ ಬೋಲ್ಟು ಮತ್ತೆ ಕುಗ್ಗಲಾರದೆ ಸೋತುಹೋಗುತ್ತದೆ, ಥ್ರೆಡ್ಡೂ ಕೆಡುತ್ತದೆ. ಒಳಗೆ ನೈಲಾನ್ ಬಳೆಯಿರುವ ನೈಲಾಕ್ ನಟ್ಟು ಘರ್ಷಣೆಯನ್ನು ಉಳಿಸಿಕೊಳ್ಳುತ್ತದೆ. ಬರಿಗೈಯಲ್ಲೇ ಸಲೀಸಾಗಿ ಕೊನೆಯವರೆಗೂ ತಿರುಗಿದರೆ ಅದರ ಆಯುಸ್ಸು ಮುಗಿಯಿತೆಂದು ತಿಳಿದು ಹೊಸದು ಹಾಕಿಸಿ. ಸ್ಪ್ರಿಂಗ್ ವಾಷರನ್ನು ನಾವೆಲ್ಲ ನಂಬಿಕೊಂಡು ಬಂದಿದ್ದೇವೆ. ಅಡ್ಡ ಕಂಪನದ ಪರೀಕ್ಷೆಯಲ್ಲಿ ಮಾತ್ರ ಅದು ಹೇಳಿಕೊಳ್ಳುವಂಥ ನೆರವು ಕೊಡುವುದಿಲ್ಲ.

ಎರಡನೆಯ ಕೆಲಸ ಸ್ಪ್ಲಿಟ್ ಪಿನ್ನಿನದು. ಬೋಲ್ಟಿನ ತುದಿಯ ತೂತಿನಲ್ಲಿ ತೂರಿಸಿ, ಎರಡು ಕಾಲುಗಳನ್ನೂ ಅಗಲಿಸಿ ಮಡಿಸುವ ತಂತಿ. ಅದು ಬಿಗಿತ ಕಾಯುವುದಿಲ್ಲ. ನಟ್ಟು ಸಡಿಲವಾದಾಗ ಪೂರ್ತಿ ಕಳಚಿ ರಸ್ತೆಗೆ ಬೀಳದಂತೆ ತಡೆಯುತ್ತದೆ, ನಿಮಗೆ ಗಮನಿಸಲು ಕಾಲಾವಕಾಶ ಕೊಡುತ್ತದೆ. ಒಮ್ಮೆ ಮಡಿಸಿ ಬಿಚ್ಚಿದ ಪಿನ್ನನ್ನು ಮತ್ತೆ ಬಳಸಬಾರದು. ಲೋಹ ಮಡಿಸಿದಲ್ಲಿ ದಣಿದಿರುತ್ತದೆ, ಮುರಿಯುತ್ತದೆ. ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಇದರ ಬೆಲೆ ಕೆಲವೇ ರೂಪಾಯಿ. ಪಿನ್ನಿನ ಜಾಗದಲ್ಲಿ ಮೊಳೆಯನ್ನೋ ವಿದ್ಯುತ್ ತಂತಿಯ ತುಂಡನ್ನೋ ತೂರಿಸಿಕೊಟ್ಟರೆ ಒಪ್ಪಬೇಡಿ.

ಹಾಗಾದರೆ ಅಪಾಯ ಹೆಚ್ಚಿರುವುದು ಯಾವಾಗ? ಗಾಡಿ ಹಳೆಯದಾದಾಗ ಎಂದು ಎಲ್ಲರೂ ಹೇಳುತ್ತಾರೆ. ನನ್ನನ್ನು ಕೇಳಿದರೆ, ಚಕ್ರ ಬಿಚ್ಚಿ ಹಾಕಿದ ದಿನ. ಹಿಂದಿನ ಚಕ್ರಕ್ಕೆ ಪಂಕ್ಚರ್ ಹಾಕಲು ಟಾರ್ಕ್ ರಾಡನ್ನು ಬಿಚ್ಚಲೇಬೇಕಾದ ಗಾಡಿಗಳು ಬೇಕಾದಷ್ಟಿವೆ. ಸಂಜೆಯ ಹೊತ್ತು, ಮಳೆ, ಸರದಿಯಲ್ಲಿ ಇನ್ನೂ ಮೂರು ಗಾಡಿ. ಪಿನ್ನು ಎಲ್ಲಿ ಬಿತ್ತೋ ಸಿಗಲಿಲ್ಲ, ನಟ್ಟನ್ನು ಕೈಬಿಗಿ ಮಾಡಿ ಕಳಿಸಿದ್ದಾಯಿತು. ಆ ಹುಡುಗನನ್ನು ಬೈದು ಫಲವಿಲ್ಲ. ಹಣ ಕೊಡುವ ಮೊದಲು ನೀವೇ ಬಗ್ಗಿ ನೋಡಿ: ಟಾರ್ಕ್ ರಾಡಿನ ಎರಡು ನಟ್ಟು, ಅವುಗಳ ಪಿನ್ನು, ಅಚ್ಚಿನ ನಟ್ಟು, ಬ್ರೇಕ್ ಸರಳಿನ ತುದಿಯ ಹೊಂದಾಣಿಕೆ ನಟ್ಟು.

ಲೈಸೆನ್ಸಿನ ವಯಸ್ಸು ಬಾರದವರೂ ನಿಂತ ಗಾಡಿಯ ಮೇಲೆ ಮಾಡಬಹುದಾದ ಒಂದು ಕೆಲಸವಿದೆ. ಅಪ್ಪನದೋ ಅಣ್ಣನದೋ ಗಾಡಿಯ ಮುಖ್ಯ ನಟ್ಟುಗಳನ್ನು ತಿಳಿದವರಿಂದ ಸರಿಯಾಗಿ ಬಿಗಿಸಿದ ಮೇಲೆ, ನಟ್ಟಿನಿಂದ ಪಕ್ಕದ ಲೋಹದವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಬಣ್ಣ ಡಿಸ್ಕಿನ ಮೇಲಾಗಲಿ ಪ್ಯಾಡಿನ ಮೇಲಾಗಲಿ ತಾಗಬಾರದು. ವಾರಕ್ಕೊಮ್ಮೆ ನೋಡಿ. ಗೆರೆ ತುಂಡಾಗಿ ಅಕ್ಕಪಕ್ಕ ಸರಿದಿದ್ದರೆ ನಟ್ಟು ತಿರುಗಿದೆ. ಸ್ಪ್ಯಾನರ್ ಮುಟ್ಟದೆಯೇ ಗೊತ್ತಾಯಿತಲ್ಲ!

ಡಿಸ್ಕ್ ಬ್ರೇಕಿನಲ್ಲೂ ಕತೆ ಇದೇ. ಇಲ್ಲಿ ಫಲಕದ ಬದಲು ಕ್ಯಾಲಿಪರ್, ಅದನ್ನು ಫೋರ್ಕಿಗೆ ಹಿಡಿದಿಡುವ ಎರಡು ಬೋಲ್ಟು. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ 125 ಸಿ.ಸಿ.ಗಿಂತ ದೊಡ್ಡ ಹೊಸ ಗಾಡಿಗಳಿಗೆಲ್ಲ ಎ.ಬಿ.ಎಸ್. ಕಡ್ಡಾಯವಾಗಿದೆ. ಒಳ್ಳೆಯದೇ ಆಯಿತು. ಆದರೆ ಚಕ್ರ ಕಚ್ಚದಂತೆ ಕಾಯುವ ಆ ಯಂತ್ರಕ್ಕೆ ಕ್ಯಾಲಿಪರಿನ ಬೋಲ್ಟು ಸಡಿಲವಾದದ್ದು ತಿಳಿಯುವುದಿಲ್ಲ.

ಗ್ಯಾರೇಜಿನವರು ಬ್ರೇಕ್ ಆಯಿಲ್ ಎನ್ನುವ ದ್ರವ ನಿಜವಾಗಿ ಎಂಜಿನ್ ಆಯಿಲಿನ ಜಾತಿಯದಲ್ಲ. ಡಾಟ್ 3, ಡಾಟ್ 4 ಎಂಬ ದ್ರವಗಳು ಗಾಳಿಯ ತೇವವನ್ನು ಹೀರುತ್ತವೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ. ನೂರಕ್ಕೆ ನಾಲ್ಕು ಪಾಲಿಗೂ ಕಡಿಮೆ ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಬಿಸಿಯಾದ ಬ್ರೇಕಿನಲ್ಲಿ ದ್ರವ ಕುದಿದು ಆವಿಯ ಗುಳ್ಳೆಗಳಾದರೆ, ಹಿಡಿಕೆ ಒತ್ತಿದಾಗ ಕುಗ್ಗುವುದು ಗುಳ್ಳೆಗಳೇ ಹೊರತು ಪ್ಯಾಡ್ ಮುಂದೆ ಸರಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಿ. ಡಬ್ಬಿಯ ಮುಚ್ಚಳದ ಮೇಲೆ ಯಾವ ದರ್ಜೆ ಬರೆದಿದೆಯೋ ಅದನ್ನೇ ಹಾಕಿಸಿ.

ಡ್ರಮ್ಮಿನ ಧೂಳನ್ನು ಬಾಯಲ್ಲಿ ಊದಬೇಡಿ. ಹಳೆಯ ಶೂಗಳಲ್ಲಿ ಕಲ್ನಾರು ಇದ್ದಿರಬಹುದು, ಒದ್ದೆ ಬಟ್ಟೆಯಿಂದ ಒರೆಸಿ. ಡಿಸ್ಕ್ ಇರುವ ಚಕ್ರ ಬಿಚ್ಚಿ ಹಾಕಿದ ಮೇಲಂತೂ, ಗಾಡಿ ಹತ್ತುವ ಮೊದಲು ನಿಂತಲ್ಲೇ ಹಿಡಿಕೆಯನ್ನು ನಾಲ್ಕೈದು ಸಲ ಒತ್ತಿ. ಪ್ಯಾಡುಗಳು ಹಿಂದಕ್ಕೆ ಸರಿದಿರುವುದರಿಂದ ಮೊದಲ ಒತ್ತು ಖಾಲಿ ಹೋಗುತ್ತದೆ. ಹಿಡಿಕೆ ಗಟ್ಟಿಯಾದ ಮೇಲೆ ಗಾಡಿಯನ್ನು ತಳ್ಳಿಕೊಂಡು ಹತ್ತು ಹೆಜ್ಜೆ ನಡೆದು, ಎರಡೂ ಬ್ರೇಕುಗಳನ್ನು ಬೇರೆಬೇರೆಯಾಗಿ ಹಿಡಿದು ನೋಡಿ, ಆಮೇಲೆ ಕಿಕ್ ಹೊಡೆಯಿರಿ.